ಗೋಡೆ ಬಿದ್ದಳು

ಮುಂಬಯಿಯ ಒಂದು ಕನ್ನಡ ತರಗತಿ. ‘ಅರ್ಥವಾಯಿತಾ?’ ಎಂದರೆ ಎಲ್ಲರೂ ‘ಹೌದು ಟೀಚರ್’ ಎನ್ನುತ್ತಾರೆ. ಉತ್ತರಕ್ಕೆ ಕೈ ಎತ್ತುವವರು ಮಾತ್ರ ಅದೇ ಮೂವರು.

ಒಂದು ದಿನ ಟೀಚರ್ ಪ್ಲಿಕರ್ಸ್ ಕಾರ್ಡುಗಳನ್ನು ಮುದ್ರಿಸಿ ಹಂಚಿದರು. ಉಚಿತವಾಗಿ ಸಿಗುವ ಈ ಆ್ಯಪ್‌ಗೆ ಮಕ್ಕಳ ಬಳಿ ಫೋನ್ ಬೇಕಿಲ್ಲ, ಟೀಚರ್ ಫೋನೊಂದೇ ಸಾಕು. ಕಾರ್ಡಿಗೆ ನಾಲ್ಕು ಬದಿ, ನಾಲ್ಕು ಉತ್ತರ. ತಮ್ಮ ಉತ್ತರದ ಬದಿ ಮೇಲೆ ಬರುವಂತೆ ಹಿಡಿದರೆ ಕ್ಯಾಮೆರಾ ಓದಿಕೊಳ್ಳುತ್ತದೆ. ಒಂದೊಂದು ಕಾರ್ಡಿನ ಚಿತ್ರವೂ ಬೇರೆ. ಪಕ್ಕದವರಿಗೆ ಸುಳಿವು ಸಿಗದು.

ಪ್ರಶ್ನೆ: ಗೋಡೆ ಬಿದ್ದನು, ಬಿದ್ದಳು, ಬಿದ್ದರು, ಬಿದ್ದಿತು?

ಒಂಬತ್ತು ಮಕ್ಕಳದು ‘ಬಿದ್ದಳು’. ಯಾರ ಉತ್ತರವೆಂದು ತಿಳಿಯದೆ ಯಾರೂ ನಗಲಿಲ್ಲ. ಟೀಚರ್‌ಗೆ ತಟ್ಟನೆ ಹೊಳೆಯಿತು: ಮರಾಠಿಯ ‘ಭಿಂತ್’, ಹಿಂದಿಯ ‘ದೀವಾರ್’ ಎರಡೂ ಸ್ತ್ರೀಲಿಂಗ. ಇಷ್ಟು ದಿನ ‘ಹೌದು ಟೀಚರ್’ ಹಿಂದೆ ಅಡಗಿದ್ದುದು ಇದು.

ಮರುದಿನದ ಪಾಠ ಮರಾಠಿಯ ಗೋಡೆಯಿಂದಲೇ ಶುರುವಾಯಿತು.