ವೆಲ್ಲೂರು: ಚಾಚಿದ ಕೈಗೆ ಕೆಲಸ ಕೊಟ್ಟ ಊರು

ಚೆನ್ನೈನಿಂದ ಬೆಂಗಳೂರಿಗೆ ಹೋಗುವ ನಮ್ಮವರಿಗೆ ಕಾಟ್ಪಾಡಿ ಎಂದರೆ ಕಾಫಿ ಕುಡಿಯುವ ಸ್ಟೇಷನ್. ರೈಲು ಅಲ್ಲಿ ನಿಂತಾಗ ಒಂದು ಬಗೆಯ ಪ್ರಯಾಣಿಕರು ಇಳಿಯುವುದನ್ನು ನೀವೂ ನೋಡಿರಬಹುದು. ಕೈಯಲ್ಲಿ ಎಕ್ಸ್‌ರೇ ಕವರು, ಬಗಲಲ್ಲಿ ಹಾಸಿಗೆಯ ಸುರುಳಿ, ಮುಖದಲ್ಲಿ ಆತಂಕ. ಅವರೆಲ್ಲ ಅಲ್ಲಿಂದ ಆರೇಳು ಕಿ.ಮೀ. ದೂರದ ವೆಲ್ಲೂರಿಗೆ, ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗುವವರು. ರಜೆಯಲ್ಲಿ ಅಜ್ಜಿಯ ಮನೆಗೆ ಹೊರಟ ನಮ್ಮ ಮಕ್ಕಳಿಗೆ ಈ ಊರಿನ ಹೆಸರು ಗೊತ್ತು, ಕಥೆ ಗೊತ್ತಿಲ್ಲ. ಅದನ್ನು ಹೇಳೋಣವೆಂದು ಈ ಲೇಖನ.

ಕನ್ನಡಿಗರಿಗೆ ವೆಲ್ಲೂರು ಪೂರ್ತಿ ಪರಸ್ಥಳವೇನಲ್ಲ. ವಿಜಯನಗರದ ಕಾಲದ ಕೋಟೆ, ಸುತ್ತ ನೀರಿನ ಕಂದಕ, ಒಳಗೆ ಜಲಕಂಠೇಶ್ವರನ ಗುಡಿ ಇಲ್ಲಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಂಸಾರವನ್ನು ಇಂಗ್ಲಿಷರು ತಂದಿಟ್ಟದ್ದೂ ಈ ಕೋಟೆಯಲ್ಲೇ. ಕೋಟೆ ನೋಡಲು ಒಂದು ಬೆಳಿಗ್ಗೆ ಸಾಕು. ಆಸ್ಪತ್ರೆಯ ಸುತ್ತಮುತ್ತ ಅರ್ಥವಾಗಲು ಮಾತ್ರ ಕೆಲವು ದಿನ ಬೇಕು.

ನನ್ನ ನಾದಿನಿಯ ಚಿಕಿತ್ಸೆಗೆಂದು ನಾನು ಅಲ್ಲಿ ಹದಿನೈದು ದಿನ ಇದ್ದೆ. ಆಸ್ಪತ್ರೆಯ ಎದುರಿನ ಬೀದಿಗೆ ಐಡಾ ಸ್ಕಡರ್ ರಸ್ತೆ ಎಂದು ಹೆಸರು. ಅಕ್ಕಪಕ್ಕದ ಗಲ್ಲಿಗಳಲ್ಲಿ ಸಾಲು ಸಾಲು ಲಾಡ್ಜುಗಳು. ತಮಿಳುನಾಡಿನ ನಡುವೆ ಬಂಗಾಳಿ ಬೋರ್ಡುಗಳು, ಮೀನಿನ ಸಾರಿನ ವಾಸನೆ! ಬಂಗಾಳ, ಬಿಹಾರ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಎರಡು ಮೂರು ದಿನ ರೈಲಿನಲ್ಲಿ ಕುಳಿತು ಬಂದವರು ಕೋಣೆಯಲ್ಲೇ ಸ್ಟೌ ಹಚ್ಚಿ ಅನ್ನ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಉದ್ದನೆಯ ಸಾಲು. ಕಾಯುವುದು ತಪ್ಪದು. ಹಣ ಕೊಡಬಲ್ಲವರು ಕೊಡಬೇಕು. ಕೊಡಲಾರದವರ ಬಿಲ್ಲು ಕಡಿಮೆ ಮಾಡುವ ಏರ್ಪಾಡೂ ಇದೆ. ಕೊಡಬಲ್ಲವರಿಂದ ಬಂದದ್ದರಲ್ಲಿ ಉಳಿದದ್ದು ಬಡವರ ಚಿಕಿತ್ಸೆಗೆ ಹೋಗುತ್ತದೆ.

ಇದೆಲ್ಲ ಶುರುವಾದದ್ದು ಒಂದೇ ಒಂದು ರಾತ್ರಿಯಿಂದ. ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದವರು. ತಂದೆ ಅಮೆರಿಕದ ಮಿಷನರಿ ಡಾಕ್ಟರು. ಐಡಾಗೆ ಮಿಷನರಿಯಾಗುವ ಮನಸ್ಸೇ ಇರಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ಅಮೆರಿಕದಿಂದ ತಿಂಡಿವನಕ್ಕೆ ಬಂದಿದ್ದಾಗ, ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡತಿಯರೂ ಹೆರಿಗೆಯಲ್ಲಿ ಕಷ್ಟಪಡುತ್ತಿದ್ದರು. ತನಗೆ ವೈದ್ಯ ಗೊತ್ತಿಲ್ಲ, ತಂದೆಯನ್ನು ಕರೆದುಕೊಂಡು ಹೋಗಿ ಎಂದರು ಐಡಾ. ಪರಗಂಡಸು ನಮ್ಮ ಹೆಂಗಸರನ್ನು ಮುಟ್ಟುವಂತಿಲ್ಲ ಎಂದು ಮೂವರೂ ಹಿಂದಿರುಗಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಬೆಳಗಾಗುವಷ್ಟರಲ್ಲಿ ಮೂವರು ಬಾಣಂತಿಯರೂ ತೀರಿಕೊಂಡಿದ್ದರು.

ಐಡಾ ಅತ್ತು ಸುಮ್ಮನಾಗಲಿಲ್ಲ. ಅಮೆರಿಕಕ್ಕೆ ಹೋಗಿ 1899ರಲ್ಲಿ ಡಾಕ್ಟರಾದರು. 1900ರಲ್ಲಿ ವೆಲ್ಲೂರಿನಲ್ಲಿ ಒಂದು ಹಾಸಿಗೆಯಿಂದ ಕೆಲಸ ಶುರುಮಾಡಿದರು. ನ್ಯೂಯಾರ್ಕಿನ ದಾನಿಯೊಬ್ಬರು ಕೊಟ್ಟ ಹತ್ತು ಸಾವಿರ ಡಾಲರಿನಿಂದ 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯಾಯಿತು. ಆದರೆ ಒಬ್ಬ ಡಾಕ್ಟರಮ್ಮ ಎಷ್ಟು ಮನೆಗೆ ಹೋದಾರು? ಈ ನಾಡಿನ ಹೆಣ್ಣುಮಕ್ಕಳೇ ಡಾಕ್ಟರಾಗಬೇಕು ಎಂದು 1918ರಲ್ಲಿ ಹೆಂಗಸರಿಗಾಗಿಯೇ ವೈದ್ಯಕೀಯ ಶಾಲೆ ತೆರೆದರು. ಅರ್ಜಿಗಳೇ ಬರಲಾರವು ಎಂದವರಿದ್ದರು. ಬಂದದ್ದು ನೂರೈವತ್ತಕ್ಕೂ ಹೆಚ್ಚು! 1947ರಿಂದ ಗಂಡುಮಕ್ಕಳನ್ನೂ ಸೇರಿಸಿಕೊಂಡರು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಡಾ. ಪಾಲ್ ಬ್ರಾಂಡ್ ಅವರ ಕೆಲಸ. ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳಿಗೆ ಹುಟ್ಟಿದ ಇವರು 1946ರಲ್ಲಿ ವೆಲ್ಲೂರಿಗೆ ಬಂದರು. ಒಮ್ಮೆ ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ, ಬೆರಳು ಮುದುಡಿದ ರೋಗಿಯೊಬ್ಬನಿಗೆ ತಮ್ಮ ಕೈ ಹಿಡಿಯಲು ಹೇಳಿದರು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಡಾಕ್ಟರರೇ ನೋವಿನಿಂದ ಕೂಗಿಕೊಂಡರು. ಅಂದರೆ ಕೈ ಸತ್ತಿರಲಿಲ್ಲ! ಕೆಲವು ನರಗಳು ಕೆಟ್ಟಿದ್ದವು, ಉಳಿದ ಸ್ನಾಯುಗಳು ಗಟ್ಟಿಯಾಗಿದ್ದವು. ಅವುಗಳನ್ನೇ ಬೇರೆ ಜಾಗಕ್ಕೆ ಜೋಡಿಸಿ ಬೆರಳು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು 1948ರಲ್ಲಿ ಇಲ್ಲಿ ಶುರುಮಾಡಿದರು. ಜಗತ್ತಿನಲ್ಲೇ ಅದು ಮೊದಲು. ರೋಗವೇ ಬೆರಳನ್ನು ತಿಂದುಹಾಕುತ್ತದೆ ಎಂಬ ನಂಬಿಕೆಯೂ ತಪ್ಪೆಂದು ತೋರಿಸಿದರು. ನೋವು ತಿಳಿಯದ ಕೈ ಸುಟ್ಟರೂ ಕೊಯ್ದರೂ ಗೊತ್ತಾಗದೆ ಸವೆದುಹೋಗುತ್ತದೆ. ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದು. ಅದಕ್ಕೆಂದು ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರಂತೆ!

ಇಲ್ಲಿಗೇ ಕಥೆ ಮುಗಿಯಲಿಲ್ಲ. ಕೈ ನೆಟ್ಟಗಾದ ಕೆಲವರು ಹಿಂದಿರುಗಿ ಬಂದು ದೂರಿದರು. ಮೊದಲು ಮುರುಟಿದ ಕೈ ನೋಡಿ ಜನ ಕಾಸು ಹಾಕುತ್ತಿದ್ದರು, ಈಗ ಅದೂ ಇಲ್ಲ. ಕುಷ್ಠರೋಗಿ ಎಂದು ಕೆಲಸವನ್ನೂ ಕೊಡುವುದಿಲ್ಲ, ಬಾಡಿಗೆಗೆ ಕೋಣೆಯನ್ನೂ ಕೊಡುವುದಿಲ್ಲ. ಬೇರೆಯವರಾಗಿದ್ದರೆ ‘ನಮ್ಮ ಕೆಲಸ ಆಯಿತು’ ಎನ್ನುತ್ತಿದ್ದರೇನೋ. ಬ್ರಾಂಡ್ ಮತ್ತು ಸಂಗಡಿಗರು ಕಾಲೇಜಿನ ಜಾಗದಲ್ಲಿ ಕೆಲವು ಗುಡಿಸಲು ಕಟ್ಟಿ, ಅಂಥವರನ್ನು ಇರಿಸಿಕೊಂಡು ಮರಗೆಲಸ ಕಲಿಸಿದರು. ಭಿಕ್ಷೆಗೆ ಚಾಚಿದ್ದ ಕೈಗಳು ಮಕ್ಕಳ ಆಟಿಕೆ ಮಾಡತೊಡಗಿದವು. ಮುಂದೆ ಊರ ಹೊರಗೆ ಕರಿಗಿರಿಯಲ್ಲಿ ಈ ರೋಗಕ್ಕೆಂದೇ ದೊಡ್ಡ ಕೇಂದ್ರವಾಯಿತು. ಇಂದು ಕುಷ್ಠರೋಗ ಮಾತ್ರೆಗಳಿಂದ ಪೂರ್ತಿ ವಾಸಿಯಾಗುತ್ತದೆ. ನಮ್ಮ ಅಂಜಿಕೆಗೆ ಮಾತ್ರ ಮಾತ್ರೆ ಸಿಕ್ಕಿಲ್ಲ.

ಬಿ.ಎ. ಓದುವಾಗ ಇಂಗ್ಲಿಷ್ ಸಾಹಿತ್ಯ ತಿಳಿಯಲೆಂದು ಬೈಬಲಿನ ಕಥೆಗಳನ್ನು ಓದಿದ್ದೆ. ಅದರಲ್ಲಿ ಒಳ್ಳೆಯ ಸಮಾರ್ಯನ ಕಥೆ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಬಿದ್ದಿದ್ದ ಬೇರೆ ಜನಾಂಗದವನ ಗಾಯಕ್ಕೆ ಆತ ಪಟ್ಟಿ ಕಟ್ಟುತ್ತಾನೆ. ನಾವು ಮರೆಯುವುದು ಮುಂದಿನ ಭಾಗವನ್ನು. ಆತ ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಮುಂಗಡ ಕೊಟ್ಟು, ಹೆಚ್ಚಿಗೆ ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಎಂದು ಹೇಳಿ ಹೋಗುತ್ತಾನೆ. ನಾಳೆ ಇವನ ಗತಿಯೇನು ಎಂದೂ ಯೋಚಿಸುತ್ತಾನೆ. ವೆಲ್ಲೂರಿನಲ್ಲಿ ನಾನು ಕಂಡ ಕ್ರೈಸ್ತ ಔದಾರ್ಯ ಈ ಬಗೆಯದು. ಬಸವಣ್ಣನವರ ಹಾದಿಯಲ್ಲಿ ಕಾಯಕ ಮತ್ತು ದಾಸೋಹ ಜೋಡಿಯಾಗಿಯೇ ಇರುವುದನ್ನು ಬಲ್ಲ ನಮಗೆ ಇದು ಹೊಸದಾಗಿ ಕಾಣಬೇಕಿಲ್ಲ.

‘ಆಂಟಿ, ಇದೆಲ್ಲ ಮತಾಂತರಕ್ಕಲ್ಲವೇ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮಿಷನರಿಗಳು ತಮ್ಮ ಧರ್ಮವನ್ನು ಸಾರಲೂ ಬಂದವರು, ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಆಸ್ಪತ್ರೆಯ ನಡುವೆ ಪ್ರಾರ್ಥನಾ ಮಂದಿರವಿದೆ. ಆದರೆ ಆ ಹದಿನೈದು ದಿನಗಳಲ್ಲಿ ನಮ್ಮನ್ನು ಅಲ್ಲಿಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ನನ್ನ ನಾದಿನಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದ ರಾಯರ ಚಿತ್ರವನ್ನು ಹಾಸಿಗೆ ಬದಲಿಸುವಾಗ ನರ್ಸಮ್ಮ ಜೋಪಾನವಾಗಿ ತೆಗೆದು, ಮತ್ತೆ ಅಲ್ಲೇ ಇಟ್ಟಳು. ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ಅಳೆಯುವುದು ಕಷ್ಟ. ಪಡೆದವನು ತಲೆ ಎತ್ತಿ ನಡೆದನೇ ಎಂಬುದನ್ನು ನಾವು ಕಣ್ಣಾರೆ ನೋಡಬಹುದು.

ನಮ್ಮ ಸಂಘದಲ್ಲೂ ವರ್ಷ ವರ್ಷ ಕಂಬಳಿ, ನೋಟ್‌ಬುಕ್ಕು ಹಂಚುತ್ತೇವೆ. ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಹಂಚುವುದು ಒಳ್ಳೆಯದೇ, ಬಿಡಬೇಡಿ. ಆದರೆ ಈ ಸಲ ನೋಟ್‌ಬುಕ್ಕು ಕೊಟ್ಟ ಹುಡುಗ ಮುಂದಿನ ವರ್ಷ ಶಾಲೆಯಲ್ಲಿ ಇದ್ದಾನೆಯೇ ಎಂದು ಹೋಗಿ ವಿಚಾರಿಸುವವರು ಯಾರು? ನಿಮ್ಮಲ್ಲಿ ಇಬ್ಬರು ಮೂವರು ಆ ಕೆಲಸ ವಹಿಸಿಕೊಂಡರೆ ಸಾಕು.