ಹೆಪ್ಪುಗಟ್ಟಿದ ಸರೋವರದ ಮೇಲೆ ಒಂದು ರಾತ್ರಿ

ನೀರಿನ ಮೇಲೆ ಮಲಗಿ ನಿದ್ರಿಸುವುದು ಕ್ಷೀರಸಾಗರದ ಮಹಾವಿಷ್ಣುವಿಗೆ ಮಾತ್ರ ಮೀಸಲಾದ ಭಾಗ್ಯವೆಂದು ನಾನು ಬಹಳ ಕಾಲ ನಂಬಿಕೊಂಡಿದ್ದೆನು. ಅಮೆರಿಕದ ಮಿನ್ನೆಸೋಟ ಪ್ರಾಂತಕ್ಕೆ ಬಂದು ನೆಲಸಿದ ಮೇಲೆ ಇಲ್ಲಿನ ಗುಮಾಸ್ತರೂ ಬಡಗಿಗಳೂ ಉಪಾಧ್ಯಾಯರೂ ಪ್ರತಿ ಚಳಿಗಾಲದಲ್ಲಿ ಅದೇ ಭಾಗ್ಯವನ್ನು ಅನುಭವಿಸುತ್ತಿರುವುದನ್ನು ಕಂಡೆನು. ಸರೋವರವು ಹೆಪ್ಪುಗಟ್ಟಿ ಗಟ್ಟಿ ನೆಲದಂತಾದೊಡನೆ ಈ ಜನ ಅದರ ಮೇಲೆ ಡೇರೆ ಹೂಡುತ್ತಾರೆ. ಒಳಗೆ ಹೀಟರು ಹೊತ್ತಿಸಿಕೊಳ್ಳುತ್ತಾರೆ. ಕಾಲಬಳಿಯಲ್ಲಿ ಮಂಜುಗಡ್ಡೆಗೆ ರಂಧ್ರ ಕೊರೆದು ಗಾಳ ಇಳಿಬಿಟ್ಟು ರಾತ್ರಿಯನ್ನೆಲ್ಲ ಅಲ್ಲಿಯೇ ಕಳೆಯುತ್ತಾರೆ. ಆರೇಳು ವರ್ಷ ಇದನ್ನು ದಡದಲ್ಲಿ ನಿಂತು ನೋಡಿ ನಕ್ಕವನು, 2025ರ ಜನವರಿಯ ಮೂರನೆಯ ವಾರದಲ್ಲಿ ನಾನೂ ಒಬ್ಬಂಟಿಯಾಗಿ ಹೊರಟೆನು.

ಗಾಳ ನನಗೆ ಹೊಸದಲ್ಲ. ನನ್ನ ಊರು ಕುಂದಾಪುರ. ಪಂಚಗಂಗಾವಳಿಯ ದಡದಲ್ಲಿ, ಶಾಲೆಗೆ ಹೋಗಬೇಕಾದ ಹೊತ್ತಿನಲ್ಲಿ, ಗಾಳ ಹಿಡಿದು ಕುಳಿತು ಬೈಸಿಕೊಂಡವನು ನಾನು. "ಮೀನು ಬೇಕಾದರೆ ಅಂಗಡಿಯಲ್ಲಿ ಸಿಗುವುದಿಲ್ಲವೇ? ಈ ಚಳಿಯಲ್ಲಿ ನಾಯಿಯೂ ಹೊರಗೆ ಕಾಲಿಡುವುದಿಲ್ಲ" ಎಂದು ನನ್ನ ಹೆಂಡತಿ ಹೇಳಿದುದು ನ್ಯಾಯವಾಗಿಯೇ ಇದ್ದಿತು. ಅದಕ್ಕೆ ಉತ್ತರ ತೋಚದೆ ಸಾಮಾನುಗಳನ್ನು ಕಾರಿಗೆ ತುಂಬಿದೆನು.

ನಾನು ಹೋದುದು ಮಿನ್ನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 100 ಮೈಲಿ ದೂರದ ಮಿಲ್ ಲ್ಯಾಕ್ಸ್ ಎಂಬ ಸರೋವರಕ್ಕೆ. ಫ್ರೆಂಚರಿಟ್ಟ ಈ ಹೆಸರಿಗೆ 'ಸಾವಿರ ಸರೋವರಗಳು' ಎಂದು ಅರ್ಥ, ಇರುವುದೇನೋ ಒಂದೇ. ವಿಸ್ತಾರ ಸುಮಾರು 200 ಚದರ ಮೈಲಿ, ಆಳ ಮಾತ್ರ ಹೆಚ್ಚೆಂದರೆ 42 ಅಡಿ. ಇದರ ದಡದಲ್ಲಿ ಒಜಿಬ್ವೆ ಎಂಬ ಮೂಲನಿವಾಸಿಗಳು ವಾಸವಾಗಿದ್ದಾರೆ. 1837ರ ಒಪ್ಪಂದದಲ್ಲಿ ಭೂಮಿಯನ್ನು ಬಿಟ್ಟುಕೊಟ್ಟರೂ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಅವರ ಹಿರಿಯರು ಉಳಿಸಿಕೊಂಡಿದ್ದರು. ಆ ಹಕ್ಕು ಇಂದಿಗೂ ಜೀವಂತವಾಗಿದೆಯೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿತು.

ದಡದ ಸಮೀಪದಲ್ಲಿ ಗಾಳದ ಎರೆ ಮಾರುವ ಒಂದು ಅಂಗಡಿಯಿದ್ದಿತು. ನೀರಿನ ತೊಟ್ಟಿಗಳಲ್ಲಿ ಬೆರಳುದ್ದದ ಮೀನುಗಳು ಗುಂಪುಗುಂಪಾಗಿ ಓಡಾಡುತ್ತಿದ್ದುವು. ಅಂಗಡಿಯ ಮುದುಕ ಎರಡು ಡಜನ್ ಮೀನನ್ನು ಬಲೆಯ ಸೌಟಿನಲ್ಲಿ ಎತ್ತಿ ಚೀಲಕ್ಕೆ ಹಾಕುತ್ತ,

"ಒಬ್ಬರೇನೋ?" ಎಂದು ಕೇಳಿದನು.

"ಹೌದು."

"ರಾತ್ರಿ ಅಲ್ಲಿಯೇ ಉಳಿಯುತ್ತೀರೋ?"

"ಹೌದು."

"ವಿಷಾನಿಲದ ಗಂಟೆ ಇಟ್ಟುಕೊಂಡಿದ್ದೀರಾ?"

ನನ್ನಲ್ಲಿರಲಿಲ್ಲ. ಆಮ್ಲಜನಕ ಕಡಿಮೆಯಾದರೆ ತಾನಾಗಿಯೇ ಆರಿಹೋಗುವ ಏರ್ಪಾಡು ನನ್ನ ಹೀಟರಿನಲ್ಲಿಯೇ ಉಂಟೆಂದೆನು. ಮುದುಕ ಮಾತನಾಡಲಿಲ್ಲ. ಹಿಂದಿನ ಗೂಡಿನಿಂದ ಅಂಗೈಯಗಲದ ಒಂದು ಬಿಳಿಯ ಪೆಟ್ಟಿಗೆಯನ್ನು ತೆಗೆದು ಎರೆಯ ಚೀಲದ ಪಕ್ಕದಲ್ಲಿಟ್ಟು, ಎರಡಕ್ಕೂ ಸೇರಿಸಿ ಲೆಕ್ಕ ಹೇಳಿದನು. ವ್ಯಾಪಾರಿಯ ಜಾಣತನವೆಂದು ಮನಸ್ಸಿನಲ್ಲಿಯೇ ಗೊಣಗಿಕೊಂಡು ಹಣ ಕೊಟ್ಟೆನು.

ಸರೋವರವೆಂದರೆ ಕಣ್ಣು ಹಾಯುವಷ್ಟು ದೂರವೂ ಬಿಳಿಯ ಬಯಲು. ಅದರ ಮೇಲೆ ಹಿಮವನ್ನು ಗೋರಿ ರಸ್ತೆ ಮಾಡಿದ್ದಾರೆ, ಕಾರುಗಳು ಓಡುತ್ತಿರುತ್ತವೆ. ನನಗೆ ಅಷ್ಟು ಧೈರ್ಯವಿಲ್ಲದುದರಿಂದ ಕಾರನ್ನು ದಡದಲ್ಲಿಯೇ ಬಿಟ್ಟು, ಡೇರೆಯನ್ನೂ ಸಾಮಾನನ್ನೂ ಒಂದು ಜಾರುಬಂಡಿಯಲ್ಲಿ ಕಟ್ಟಿ, ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಎಳೆಯುತ್ತ ನಡೆದೆನು. ಕೈಯಲ್ಲಿ ಒಂದು ಹಾರೆ. ಐದಾರು ಹೆಜ್ಜೆಗೊಮ್ಮೆ ಅದರಿಂದ ಮುಂದಿನ ಮಂಜುಗಡ್ಡೆಯನ್ನು ಕುಟ್ಟಿ ನೋಡಬೇಕು. ನಡೆಯುವವನಿಗೆ ಕನಿಷ್ಠ 4 ಅಂಗುಲ ದಪ್ಪದ ಮಂಜುಗಡ್ಡೆ, ಚಿಕ್ಕ ಕಾರಿಗೆ 9-10 ಅಂಗುಲ ಎಂದು ಇಲ್ಲಿನ ಸರ್ಕಾರ ಸಲಹೆ ಕೊಡುತ್ತದೆ. ಆದರೆ ಯಾವ ಮಂಜುಗಡ್ಡೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲವೆಂದೂ ಎಚ್ಚರಿಸುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ಇನ್ನೂ ಉತ್ತರದ ಅಪ್ಪರ್ ರೆಡ್ ಲೇಕ್ ಸರೋವರದಲ್ಲಿ ಮಂಜುಗಡ್ಡೆಯ ದೊಡ್ಡ ಹಾಳೆಯೊಂದು ದಡದಿಂದ ಕಳಚಿ ತೇಲಿಹೋಗಿ, ಮೀನು ಹಿಡಿಯುತ್ತಿದ್ದ ನೂರಕ್ಕಿಂತ ಹೆಚ್ಚು ಜನರನ್ನು ರಕ್ಷಿಸಬೇಕಾಯಿತು. ನಾನು ಹೋದ ವಾರ ಚಳಿ ಕಡುವಾಗಿದ್ದಿತು. ಬೈರಿಗೆಯಿಂದ ಕೊರೆದು ಅಳೆದಾಗ 14 ಅಂಗುಲ ಸಿಕ್ಕಿತು. ಆದರೂ ಕೊರಳಿಗೆ ಎರಡು ಮೊನೆಯಾದ ಕೈಗೂಟಗಳನ್ನು ನೇತುಹಾಕಿಕೊಂಡಿದ್ದೆನು. ನೀರಿಗೆ ಬಿದ್ದವನು ಅವನ್ನು ಮಂಜುಗಡ್ಡೆಗೆ ಚುಚ್ಚಿ ಮೇಲೆ ತೆವಳಬೇಕು.

ಡೇರೆಯು ಕೌದಿಯಂತೆ ಎರಡು ಪದರದ ಬಟ್ಟೆಯ ನಡುವೆ ಹತ್ತಿಯಂಥದನ್ನು ತುಂಬಿ ಹೊಲಿದದ್ದು. ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ, ತಿರುಪಿನ ಗೂಟಗಳಿಂದ ಮಂಜುಗಡ್ಡೆಗೆ ಬಿಗಿಯಬೇಕು. ಒಳಗೆ ಎರಡು ರಂಧ್ರ ಕೊರೆದೆನು. ಚಳಿಗಾಲದಲ್ಲಿ ಒಬ್ಬನಿಗೆ ಎರಡು ಗಾಳಕ್ಕೆ ಮಾತ್ರ ಅನುಮತಿ. ಬೋಂಡ ಎತ್ತುವ ಜಾಲರಿ ಸೌಟಿನಂಥ ಒಂದು ಸೌಟಿನಿಂದ ಮಂಜಿನ ಪುಡಿಯನ್ನು ಎತ್ತಿಹಾಕಿದಾಗ ಕೆಳಗೆ ಕಪ್ಪು ನೀರು ಕಾಣಿಸಿತು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಉಷ್ಣತೆಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಕೆಳಗಿನ ನೀರು ಆ ಹೊದಿಕೆಯಡಿಯಲ್ಲಿ ನೀರಾಗಿಯೇ ಇದ್ದು ಮೀನುಗಳನ್ನು ಕಾಪಾಡುತ್ತದೆ. ಶಾಲೆಯಲ್ಲಿ ಉರುಹೊಡೆದು ಅಂಕ ಗಳಿಸಿದ ಈ ಪಾಠವನ್ನು ಕಣ್ಣಾರೆ ಕಾಣಲು ನನಗೆ ಮೂವತ್ತು ವರ್ಷ ಬೇಕಾಯಿತು.

ಹೀಟರು ಹೊತ್ತಿಸಿದೊಡನೆ ಸುಖವೇ ಸುಖ. ಹೊರಗೆ ಸೊನ್ನೆಗಿಂತ 28 ಡಿಗ್ರಿ ಕೆಳಗೆ; ಒಳಗೆ ಉಣ್ಣೆಯ ಅಂಗಿಯೊಂದರಲ್ಲಿ ಕೂರಬಹುದು. ಆದರೆ ಈ ಸುಖ ಸಮನಾಗಿ ಹಂಚಿಕೆಯಾಗುವುದಿಲ್ಲ. ತಲೆಗೆ ವೈಶಾಖ, ಕಾಲಿಗೆ ಮಾಘ. ಹಣೆ ಬೆವರುತ್ತಿರುವಾಗ ಕೆಳಗಿಟ್ಟ ಚಹದ ಲೋಟದ ತಳ ಮಂಜುಗಡ್ಡೆಗೆ ಅಂಟಿಕೊಂಡಿದ್ದಿತು. ಅನಿಲ ಉರಿದಾಗ ನೀರಿನ ಆವಿಯೂ ಹುಟ್ಟುವುದರಿಂದ ಡೇರೆಯ ಚಾವಣಿ ಒದ್ದೆಯಾಗಿ ಮಲೆನಾಡಿನ ಸೋರುವ ಮನೆಯಂತೆ ತೊಟ್ಟಿಕ್ಕತೊಡಗಿತು. ಈ ಕಾರಣಗಳಿಂದಲೇ ಇಲ್ಲಿ ನೆಲದ ಮೇಲೆ ಮಲಗುವಂತಿಲ್ಲ. ಮಡಿಸುವ ಮಂಚ ಬೇಕು.

ಸಂಜೆ ಮೂರು ಪರ್ಚ್ ಮೀನುಗಳು ಸಿಕ್ಕಿದುವು. ಹಳದಿ ಮೈಗೆ ಕಪ್ಪು ಪಟ್ಟೆ, ಗೇಣುದ್ದ. ಊರಿನಿಂದ ತಂದ ಮೆಣಸಿನ ಪುಡಿ ಸವರಿ ಬಾಣಲೆಯಲ್ಲಿ ಹುರಿದು ತಿಂದೆನು. ಆದರೆ ಜನ ಇಲ್ಲಿಗೆ ಬರುವುದು ವಾಲೈ ಎಂಬ ಮೀನಿಗಾಗಿ. ಮಿನ್ನೆಸೋಟವು 1965ರಲ್ಲಿ ಅದನ್ನು ತನ್ನ ರಾಜ್ಯಮತ್ಸ್ಯವೆಂದು ಘೋಷಿಸಿತು. ಬೆಕ್ಕಿನ ಕಣ್ಣಿನಂತೆ ಹೊಳೆಯುವ ಅದರ ಕಣ್ಣು ಮಬ್ಬುಬೆಳಕಿನಲ್ಲಿ ಚುರುಕು; ಆದುದರಿಂದ ಮುಸ್ಸಂಜೆಯಲ್ಲಿಯೂ ನಸುಕಿನಲ್ಲಿಯೂ ಅದು ಬೇಟೆಗೆ ಹೊರಡುತ್ತದೆ. ಮುಸ್ಸಂಜೆ ಕಳೆಯಿತು, ವಾಲೈ ಬರಲಿಲ್ಲ. ಒಂದು ಗಾಳವನ್ನು ಗೋಡೆಯ ಕೋಲಿಗೆ ಕಟ್ಟಿದ ರಾಟೆಗೆ ಸುತ್ತಿದೆನು. ಮೀನು ದಾರವನ್ನೆಳೆದರೆ ರಾಟೆ ತಿರುಗಿ ಅದರೊಳಗಿನ ಗುಂಡುಗಳು ಮಗುವಿನ ಗಿಲಕಿಯಂತೆ ಸದ್ದು ಮಾಡಿ ಎಬ್ಬಿಸುತ್ತವೆ. ಹೀಟರನ್ನು ಸಣ್ಣಗೆ ಮಾಡಿ ಮಲಗುವ ಚೀಲದೊಳಗೆ ಸೇರಿಕೊಂಡೆನು. ಮಲಗುವ ಮುನ್ನ ಆರಿಸಬೇಕೆಂದು ಅದರ ಮೇಲೆಯೇ ಅಚ್ಚುಮಾಡಿದ್ದರು. ನಾನು ಓದಿರಲಿಲ್ಲವೆಂದಲ್ಲ.

ರಾತ್ರಿ ಸರೋವರವು ಮೌನವಾಗಿರುತ್ತದೆಂದು ಯಾರೂ ಭಾವಿಸಬೇಡಿ. ಚಳಿ ಏರಿದಂತೆ ಮಂಜುಗಡ್ಡೆ ಕುಗ್ಗಿ ಸೀಳುತ್ತದೆ. ದೂರದಲ್ಲಿ ಗುಡುಗಿನಂತೆ ಹುಟ್ಟಿದ ಶಬ್ದವು ಕ್ಷಣಾರ್ಧದಲ್ಲಿ ನನ್ನ ಮಂಚದ ಕೆಳಗೇ ಹಾದುಹೋಗಿ ಇನ್ನೊಂದು ದಡದ ಕಡೆಗೆ ಓಡುತ್ತಿದ್ದಿತು. ಮೊದಲ ಸಲ ಎದ್ದು ಕುಳಿತೆನು. ಹತ್ತನೆಯ ಸಲಕ್ಕೆ ನಿದ್ರೆ ಬಂದಿತು.

ಎಷ್ಟು ಹೊತ್ತಾಗಿದ್ದಿತೋ, ಕೀರಲು ಧ್ವನಿಯೊಂದು ನಿದ್ರೆಯೊಳಕ್ಕೆ ತೂರಿಬಂದಿತು. ಮೀನು ಬಿದ್ದಿದೆಯೆಂದುಕೊಂಡು ಕಣ್ಣು ತೆರೆದೆನು. ರಾಟೆ ಅಲುಗಾಡುತ್ತಿರಲಿಲ್ಲ. ಕೂಗುತ್ತಿದ್ದುದು ಬಿಳಿಯ ಪೆಟ್ಟಿಗೆ. ತಲೆ ಸಿಡಿಯುತ್ತಿದ್ದಿತು. ಓದುಗರು ನಂಬಬೇಕು, ನನಗೆ ಆಗ ಭಯವೇ ಆಗಲಿಲ್ಲ. ಬೆಚ್ಚಗಿದೆ, ಏಕೆ ಏಳಬೇಕು, ಆ ಪೆಟ್ಟಿಗೆಯ ಬಾಯಿ ಮುಚ್ಚಿಸಿ ಇನ್ನೊಂದು ಗಳಿಗೆ ಮಲಗೋಣವೆಂಬುದೇ ನನ್ನ ಯೋಚನೆಯಾಗಿದ್ದಿತು. ಕೈ ಅದರ ಗುಂಡಿಯವರೆಗೂ ಹೋಯಿತು. ಅಷ್ಟರಲ್ಲಿ ಅಂಗಡಿಯ ಮುದುಕ ಮಾತನಾಡದೆ ಅದನ್ನು ಮೇಜಿನ ಮೇಲಿಟ್ಟುದು ಏಕೋ ನೆನಪಾಯಿತು. ಚೀಲದಿಂದ ಹೊರಳಿ ಕೆಳಕ್ಕೆ ಬಿದ್ದು ಹೀಟರಿನ ತಿರುಪನ್ನು ಮುಚ್ಚಿದೆನು. ಬಾಗಿಲಿನ ಜಿಪ್ಪು ಆವಿ ಹೆಪ್ಪುಗಟ್ಟಿ ಸಿಕ್ಕಿಕೊಂಡಿದ್ದಿತು. ಎರಡು ಕೈಯಿಂದಲೂ ಜಗ್ಗಿದಾಗ ಮೊಣಕಾಲೆತ್ತರ ಬಿಚ್ಚಿಕೊಂಡಿತು. ಅದರೊಳಗಿಂದ ತಲೆ ಹೊರಗಿಟ್ಟು ಮಂಜುಗಡ್ಡೆಯ ಮೇಲೆ ಬೋರಲು ಮಲಗಿದೆನು. ಆ ಚಳಿಯ ಗಾಳಿ ಗಂಟಲಿಗೆ ಕತ್ತಿಯಂತೆ ಇಳಿಯಿತು. ಅದಕ್ಕಿಂತ ರುಚಿಯಾದುದನ್ನು ನಾನು ಈವರೆಗೆ ಸೇವಿಸಿಲ್ಲ.

ಆದುದಿಷ್ಟೇ: ರಾತ್ರಿ ಗಾಳಿಯ ದಿಕ್ಕು ಬದಲಾಗಿ, ಡೇರೆಯ ಬುಡದ ಗಾಳಿಗಂಡಿಗೆ ಹಿಮ ಒಟ್ಟಿಕೊಂಡಿದ್ದಿತು. ಗಾಳಿ ಸಾಲದೆ ಉರಿದ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ನನ್ನ ಹೀಟರಿನ ಏರ್ಪಾಡು ಆಮ್ಲಜನಕವನ್ನು ಗಮನಿಸುವುದೇ ಹೊರತು ಈ ವಿಷವನ್ನಲ್ಲ. ಇದು ಹಿಮದ ದೇಶದ ಕಥೆಯೆಂದು ತಿಳಿಯಬೇಕಾಗಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯಿಟ್ಟುಕೊಂಡು ಮಲಗಿದವರ, ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕಿಳಿದವರ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿಯೂ ಬರುತ್ತಿರುತ್ತದೆ.

ಗಾಳಿಗಂಡಿಗಳನ್ನು ಬಿಡಿಸಿ, ಬಾಗಿಲನ್ನು ಅರ್ಧ ತೆರೆದೇ ಇಟ್ಟು, ಇದ್ದ ಬಟ್ಟೆಗಳನ್ನೆಲ್ಲ ಹಾಕಿಕೊಂಡು ಚೀಲದಲ್ಲಿ ಕುಳಿತೆನು. ದಡಕ್ಕೆ ಹೋಗಿಬಿಡೋಣವೆನಿಸಿದರೂ ತಲೆ ತಿರುಗುತ್ತಿರುವಾಗ ಕತ್ತಲೆಯಲ್ಲಿ ಮಂಜುಗಡ್ಡೆಯ ಮೇಲೆ ನಡೆಯುವ ಧೈರ್ಯ ಬರಲಿಲ್ಲ. ಹೀಟರನ್ನು ಮತ್ತೆ ಹೊತ್ತಿಸಲಿಲ್ಲ. ಫ್ಲಾಸ್ಕಿನ ಬಿಸಿನೀರನ್ನು ಬಾಟಲಿಗೆ ಸುರಿದು ಹೊಟ್ಟೆಗೆ ಒತ್ತಿಕೊಂಡೆನು. ಚಾವಣಿಯ ಹನಿಗಳೆಲ್ಲ ಬಿಳಿಯ ಮುಳ್ಳುಗಳಾದುವು. ರಂಧ್ರಗಳ ಮೇಲೆ ಕೆನೆ ಕಟ್ಟುವಂತೆ ಮಂಜು ಕಟ್ಟುತ್ತಿದ್ದಿತು. ಬೇರೆ ಕೆಲಸವಿಲ್ಲದುದರಿಂದ ಸೌಟಿನಿಂದ ಅದನ್ನು ಒಡೆಯುತ್ತ ಬೆಳಗು ಮಾಡಿದೆನು.

ಬೆಳಕು ಇನ್ನೂ ಹರಿಯುವ ಮೊದಲೇ ರಾಟೆ ಗಿಲಗಿಲನೆ ತಿರುಗಿತು. ದಾರವನ್ನು ಕೈಯಿಂದಲೇ ಎಳೆದೆನು. ಭಾರವಾದ ಜೀವವೊಂದು ಆಳದಲ್ಲಿ ತಲೆ ಕೊಡವುತ್ತಿದ್ದಿತು. ಮೇಲೆ ಬಂದುದು ವಾಲೈ. ಬ್ಯಾಟರಿ ದೀಪಕ್ಕೆ ಕಣ್ಣು ಕೆಂಡದಂತೆ ಹೊಳೆಯಿತು. ಎಷ್ಟು ಉದ್ದದ ಮೀನನ್ನು ಇಟ್ಟುಕೊಳ್ಳಬಹುದೆಂದು ಇಲ್ಲಿ ಸರ್ಕಾರ ಗೊತ್ತುಮಾಡಿರುತ್ತದೆ. ಅಳೆದು ನೋಡಿದೆನು, ಇದು ಆ ಅಳತೆಗೆ ಒಳಪಡಲಿಲ್ಲ. ಆ ಚಳಿಯಲ್ಲಿ ಮೀನಿನ ಕಿವಿರುಗಳು ಬೇಗನೆ ಹೆಪ್ಪುಗಟ್ಟುವುದರಿಂದ ತಡಮಾಡದೆ ತಲೆಕೆಳಗಾಗಿ ರಂಧ್ರಕ್ಕೆ ಬಿಟ್ಟೆನು. ಒಂದು ಸಲ ಬಾಲ ಬಡಿದು ಹೋಯಿತು.

ಹಿಂದಿರುಗುವಾಗ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆನು.

"ಮೀನು?" ಎಂದನು ಮುದುಕ.

"ಮೂರು ಪರ್ಚ್. ಒಂದು ವಾಲೈಯನ್ನು ಬಿಟ್ಟುಬಿಟ್ಟೆ." ಆ ಮೇಲೆ ಗಂಟೆಯ ಸಂಗತಿಯನ್ನೂ ಹೇಳಿದೆನು.

ಅವನು ಆಶ್ಚರ್ಯವನ್ನೇನೂ ತೋರಿಸಲಿಲ್ಲ. "ಗಾಳಿ ಎರಡು ಗಂಟೆಯ ಹೊತ್ತಿಗೆ ತಿರುಗಿತು. ನಿಮ್ಮ ಗಾಳಿಗಂಡಿ ಯಾವ ಕಡೆಗಿದ್ದಿತು?" ಎಂದು ಕೇಳಿದನು.

"ವಾಯುವ್ಯಕ್ಕೆ."

"ಹ್ಞೂಂ" ಎಂದು ತಲೆಯಾಡಿಸಿ, ನನ್ನ ಹಿಂದೆ ನಿಂತಿದ್ದ ತರುಣನ ಕಡೆಗೆ ತಿರುಗಿದನು. "ಒಬ್ಬರೇನೋ?" ಎಂದು ಅವನನ್ನು ಕೇಳುತ್ತ, ಕೈಯನ್ನು ಆಗಲೇ ಹಿಂದಿನ ಗೂಡಿನ ಕಡೆಗೆ ಚಾಚಿದ್ದನು.