ಗಾಡಿ ಯಾರ ಹೆಸರಲ್ಲಿದೆ?



ಹೋದ ವಾರ ನಾನೂ ನನ್ನ ತಂಗಿಯೂ ಹೊಸ ಸ್ಕೂಟರ್ ಪಕ್ಕ ನಿಂತಿದ್ದ ಫೋಟೋ ಹಾಕಿದ್ದೆ. ಹಾರೈಸಿದ ಎಲ್ಲರಿಗೂ ಶರಣು. ಅದಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು ನಮ್ಮ ಹೆಣ್ಮಕ್ಕಳು ಕಳಿಸಿದ ಪ್ರಶ್ನೆಗಳು. "ಅಕ್ಕಾ, ಯಾವ ಗಾಡಿ? ಎಷ್ಟು ಬಿತ್ತು? ಸಾಲ ಎಲ್ಲಿ ಸಿಕ್ತು? ಮೂವತ್ತು ದಾಟಿದ ಮೇಲೆ ಕಲಿಯೋಕೆ ಆಗುತ್ತಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋ ಬದಲು ಎಲ್ಲಾ ಸೇರಿಸಿ ಇಲ್ಲೇ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತಾಗಿ ಓದಿ.

ಮೊದಲು, ಯಾಕೆ ಬೇಕಿತ್ತು ಅನ್ನೋದು.

ನಮ್ಮದು ಕಾಮಸಮುದ್ರ ಹೋಬಳಿಯ ಒಂದು ಹಳ್ಳಿ. ಬಂಗಾರಪೇಟೆ ತಾಲ್ಲೂಕಿನ ಅಂಚು, ಆ ಕಡೆ ಆಂಧ್ರ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕೆಜಿಎಫ್‌ಗೆ ಹೋದರೆ ತಮಿಳು. ತಂಗಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಹೌಸ್‌ಕೀಪಿಂಗ್ ಕೆಲಸಕ್ಕೆ ದಿನಾ ರೈಲಲ್ಲಿ ಹೋಗಿ ಬರ್ತಾಳೆ. ಕಾಮಸಮುದ್ರದಲ್ಲೂ ಸ್ಟೇಷನ್ ಇದೆ, ನಿಲ್ಲೋ ರೈಲು ಕಡಿಮೆ. ಹಂಗಾಗಿ ಬಂಗಾರಪೇಟೆಗೇ ಹೋಗಬೇಕು. ಬೆಳಿಗ್ಗೆ ಕತ್ತಲಲ್ಲಿ ಹೊರಟು, ರಾತ್ರಿ ಕತ್ತಲಲ್ಲಿ ವಾಪಸ್. ರೈಲು ಅರ್ಧ ಗಂಟೆ ತಡ ಆದರೆ ಊರಿಗೆ ಬರೋ ಬಸ್ ಹೋಗಿರುತ್ತೆ. ಆಮೇಲೆ ಯಾರದೋ ಬೈಕ್, ಯಾರದೋ ಆಟೋ. ಯಾರದೋ ಬೈಕಲ್ಲಿ ಬಂದರೆ ಮರುದಿನ ಊರಲ್ಲಿ ಏನು ಮಾತು ಹುಟ್ಟುತ್ತೆ ಅಂತ ನಾನು ಹೇಳಬೇಕಾ?

"ಬಸ್ ಫ್ರೀ ಇದೆಯಲ್ಲಮ್ಮ, ಗಾಡಿ ಯಾಕೆ?" ಅಂತ ಕೇಳಿದವರಿದ್ದಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಈಗಲೂ ಆ ಯೋಜನೆ ಪರವೇ ಇದ್ದೀನಿ. ಆದರೆ ಟಿಕೆಟ್ ಫ್ರೀ ಆದ ಮಾತ್ರಕ್ಕೆ ರಾತ್ರಿ ಒಂಬತ್ತಕ್ಕೆ ಬಸ್ ಹುಟ್ಟಿಕೊಳ್ಳಲ್ಲ. ಕಾಡಂಚಿನ ನಮ್ಮ ಹೋಬಳಿಗೆ ಆನೆ ಹಿಂಡು ಇಳಿದಿದೆ ಅನ್ನೋ ಸುದ್ದಿ ಬಂದ ದಿನ ಒಂಟಿ ಹೆಂಗಸು ರಸ್ತೆಯಲ್ಲಿ ಬಸ್ ಕಾಯೋದು ಹೇಗಿರುತ್ತೆ, ಕಾದವರಿಗೇ ಗೊತ್ತು.

ಇನ್ನು ನನ್ನ ವಿಷಯ. ಇದು ನಮ್ಮ ಸಂಘಟನೆಗಳ ಅಣ್ಣತಮ್ಮಂದಿರಿಗೂ ಸೇರಿಸಿ ಹೇಳೋ ಮಾತು, ಬೇಜಾರು ಮಾಡ್ಕೋಬೇಡಿ. ಜಿಲ್ಲಾ ಸಭೆಗಳಲ್ಲಿ ಸಂಜೆ ಐದಾಗ್ತಿದ್ದಂಗೆ ಹೆಣ್ಮಕ್ಕಳು ಒಬ್ಬೊಬ್ಬರೇ ಬ್ಯಾಗ್ ಹಿಡ್ಕೊಂಡು ಎದ್ದೇಳ್ತಾರೆ. "ನೋಡಿ, ಮಹಿಳೆಯರಿಗೆ ಆಸಕ್ತಿ ಕಡಿಮೆ" ಅಂತ ಮೈಕಲ್ಲೇ ಹೇಳಿದವರಿದ್ದಾರೆ. ಆಸಕ್ತಿ ಅಲ್ಲ ಸ್ವಾಮಿ, ಲಾಸ್ಟ್ ಬಸ್. ಮುಖ್ಯವಾದ ತೀರ್ಮಾನಗಳೆಲ್ಲ ಏಳು ಗಂಟೆ ಮೇಲೆ, ಟೀ ಅಂಗಡಿ ಮುಂದೆ, ಬೈಕ್ ಸ್ಟ್ಯಾಂಡ್ ಹಾಕ್ಕೊಂಡು ನಿಂತವರ ಮಧ್ಯೆ ಆಗ್ತವೆ. ಬೈಕ್ ಇಲ್ಲದವರು ಆ ತೀರ್ಮಾನದಲ್ಲಿ ಇರಲ್ಲ. ದೌರ್ಜನ್ಯ ಆದ ರಾತ್ರಿ ಠಾಣೆ ಮುಂದೆ ನಿಂತು ಎಫ್‌ಐಆರ್ ಮಾಡಿಸಬೇಕು ಅಂದರೂ "ಅಣ್ಣಾ, ಸ್ವಲ್ಪ ಕರ್ಕೊಂಡು ಹೋಗ್ತೀಯಾ" ಅಂತ ಕೇಳಬೇಕು. ಅಣ್ಣನಿಗೆ ಪುರುಸೊತ್ತಿದ್ದರೆ ಹೋರಾಟ, ಇಲ್ಲದಿದ್ದರೆ ನಾಳೆ ನೋಡೋಣ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿರೋರಿಗೆ ನೆನಪಿರುತ್ತೆ. ಆ ಪುಟ್ಟ ಪುಸ್ತಕದಲ್ಲಿ ಗಾಡಿ ಮತ್ತೆ ಮತ್ತೆ ಬರುತ್ತೆ. 1901ರಲ್ಲಿ ಮಸೂರ್ ಸ್ಟೇಷನ್‌ನಲ್ಲಿ ಇಳಿದ ಆ ಹುಡುಗರಿಗೆ, ಜಾತಿ ಗೊತ್ತಾದ ಮೇಲೆ ಯಾವ ಎತ್ತಿನಗಾಡಿಯವನೂ ಬರಲಿಲ್ಲ. ಕೊನೆಗೆ ಒಪ್ಪಿದವನೂ ಎರಡರಷ್ಟು ಬಾಡಿಗೆ ತಗೊಂಡು, ಗಾಡಿ ನೀವೇ ಹೊಡ್ಕೊಳ್ಳಿ, ನಾನು ಪಕ್ಕದಲ್ಲಿ ನಡ್ಕೊಂಡು ಬರ್ತೀನಿ ಅಂದ. 1929ರಲ್ಲಿ ಚಾಳೀಸ್‌ಗಾಂವ್. ಆ ಹೊತ್ತಿಗೆ ಬಾಬಾಸಾಹೇಬರು ಬ್ಯಾರಿಸ್ಟರ್, ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬೈ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರು. ಆದರೂ ಟಾಂಗಾದವರು ಅವರನ್ನ ಕೂರಿಸಿಕೊಂಡು ಓಡಿಸೋಕೆ ಒಪ್ಪಲಿಲ್ಲ. ನಮ್ಮ ನಾಯಕರು ನಡ್ಕೊಂಡು ಬರಬಾರದು ಅಂತ ಅಲ್ಲಿನ ಮಹಾರ್ ಬಂಧುಗಳು ಟಾಂಗಾ ಬಾಡಿಗೆಗೆ ತಂದರು, ಅವರಲ್ಲೇ ಒಬ್ಬರು ಓಡಿಸೋಕೆ ಕೂತರು. ಅವರಿಗೆ ಅಭ್ಯಾಸವೇ ಇರಲಿಲ್ಲ. ಸೇತುವೆ ಹತ್ತಿರ ಗಾಡಿ ತಗುಲಿ ಬಾಬಾಸಾಹೇಬರು ಕಲ್ಲು ಹಾಸಿನ ಮೇಲೆ ಬಿದ್ದರು, ಕಾಲು ಮುರಿಯಿತು.

ಈ ಘಟನೆಯನ್ನ ನಾವು ಭಾಷಣದಲ್ಲಿ ಅವಮಾನದ ಕತೆಯಾಗಿ ಹೇಳ್ತೀವಿ, ಸರಿ. ನನಗೆ ಅದರಲ್ಲಿ ಇನ್ನೊಂದು ವಿಷಯವೂ ಕಾಣುತ್ತೆ. ಆ ಬಂಧುಗಳ ಹತ್ತಿರ ಸ್ವಾಭಿಮಾನ ಇತ್ತು, ಬಾಡಿಗೆಗೆ ದುಡ್ಡೂ ಇತ್ತು. ಹಗ್ಗ ಹಿಡಿಯೋ ವಿದ್ಯೆ ಮಾತ್ರ ಕೈಗೆ ಬಂದಿರಲಿಲ್ಲ, ಯಾಕಂದ್ರೆ ಯಾರೂ ಹಿಡಿಯೋಕೆ ಬಿಟ್ಟಿರಲಿಲ್ಲ. ಗಾಡಿ ಕೊಳ್ಳೋದು ಒಂದು, ಓಡಿಸೋಕೆ ಸರಿಯಾಗಿ ಕಲಿಯೋದು ಇನ್ನೊಂದು. ಎರಡೂ ಬೇಕು.

ನಮ್ಮಪ್ಪ ಕೆಜಿಎಫ್ ಗಣಿಯಲ್ಲಿದ್ದವರು. ಚಾಂಪಿಯನ್ ರೀಫ್‌ಗೆ ಸೈಕಲ್‌ನಲ್ಲಿ ಹೋಗೋರು. ಅಲ್ಲಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಸುರಂಗ ಇತ್ತು. ಗಣಿ ಲೈನುಗಳಲ್ಲಿ ಅಂಬೇಡ್ಕರ್ ಫೋಟೋ ಇಲ್ಲದ ಬೀದಿ ಇರಲಿಲ್ಲ, ರಿಪಬ್ಲಿಕನ್ ಪಕ್ಷದವರನ್ನ ಎಂಎಲ್‌ಎ ಮಾಡಿದ ಊರು ಅದು. ಅಲ್ಲಿ ಬೆಲ್ ಹೊಡ್ಕೊಂಡು ಸೈಕಲ್ ಓಡಿಸ್ತಿದ್ದ ಅಪ್ಪ, ಸಂಜೆ ನಮ್ಮೂರ ಅರಳಿಕಟ್ಟೆ ಹತ್ತಿರ ಬಂದ ತಕ್ಷಣ ಇಳಿದು ತಳ್ಕೊಂಡು ಬರೋರು. ಮೇಲಿನ ಬೀದಿ ದಾಟೋವರೆಗೂ ಹತ್ತುವಂಗಿಲ್ಲ. ಯಾವ ಬೋರ್ಡೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಷ್ಟು ಆಳದ ಗಣಿಗೆ ಅಂಜದೆ ಇಳಿಯೋ ಮನುಷ್ಯ, ನೂರು ಹೆಜ್ಜೆ ಬೀದಿಗೆ ಸೈಕಲ್ ಇಳಿಯಬೇಕಿತ್ತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪನ ಸೈಕಲ್ ಸವಾರಿಯೂ ನಿಂತಿತು. ಈಗ ಅಪ್ಪ ಇಲ್ಲ.

ಅಮ್ಮನಿಗೆ ಅದೆಲ್ಲ ನೆನಪಿದೆ. ಅದಕ್ಕೇ ಅಮ್ಮ ಬೇಡ ಅಂದಿದ್ದು. "ಗಾಡಿ ಏರಿ ಆ ಬೀದೀಲಿ ಹೋದ್ರೆ ಕಣ್ಣು ಬೀಳುತ್ತೆ ಕಣ್ರೇ." ಅಮ್ಮನ ಭಯ ಮೂಢನಂಬಿಕೆ ಅಲ್ಲ. 2023ರಲ್ಲಿ ನಮ್ಮ ಕಾಮಸಮುದ್ರ ಭಾಗದಲ್ಲೇ ದಲಿತ ಹುಡುಗನನ್ನ ಪ್ರೀತಿಸಿದ ಮಗಳನ್ನ ತಂದೆಯೇ ಕೊಂದ ಆರೋಪ, ಆ ಹುಡುಗ ರೈಲಿಗೆ ಸಿಕ್ಕಿ ಸತ್ತ ಸುದ್ದಿ ಎಲ್ಲರೂ ಓದಿದ್ದೀವಿ. 2025ರ ಫೆಬ್ರುವರಿಯಲ್ಲಿ ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಬುಲೆಟ್ ಓಡಿಸಿದ ಅಂತ ದಲಿತ ವಿದ್ಯಾರ್ಥಿಯ ಕೈಗಳನ್ನ ಕಡಿದರು ಅನ್ನೋ ದೂರು ಬಂತು. ಕಾಲ ಬದಲಾಗಿದೆ ಅಂತ ಅಮ್ಮನಿಗೆ ಹೇಳೋ ಧೈರ್ಯ ನನಗೆ ಇರಲಿಲ್ಲ. "ಭಯ ಇದೆ ಅಮ್ಮ, ಆದರೂ ರಾತ್ರಿ ಬಸ್‌ಸ್ಟ್ಯಾಂಡಲ್ಲಿ ನಿಲ್ಲೋ ಭಯಕ್ಕಿಂತ ಇದು ವಾಸಿ" ಅಂದೆ.

ಇನ್ನು ಗಾಡಿ ಆರಿಸಿದ ಬಗ್ಗೆ. ಕಂಪನಿ ಹೆಸರು ಬರೆಯಲ್ಲ, ಇದು ಜಾಹೀರಾತಲ್ಲ. ಒಂದು ಮಾತು ಮಾತ್ರ. ನಮ್ಮ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಗಾಡಿಗಳು ತಯಾರಾಗ್ತಿವೆ, ಪಕ್ಕದ ಹೊಸೂರಲ್ಲಿ ಟಿವಿಎಸ್. ನಮ್ಮ ಸುತ್ತಲೇ ಸ್ಕೂಟರ್ ಹುಟ್ಟುತ್ತೆ, ನಮ್ಮ ಕೇರಿಯಲ್ಲಿ ಹೆಂಗಸರ ಹೆಸರಲ್ಲಿ ಒಂದೂ ಇರಲಿಲ್ಲ.

ಬಣ್ಣ, ಮೈಲೇಜ್ ನೋಡೋಕೆ ಮುಂಚೆ ಕೂತು ನೋಡಿ. ಹೊಸದಾಗಿ ಕಲಿಯೋರಿಗೆ ಎರಡೂ ಪಾದ ನೆಲಕ್ಕೆ ಊರಬೇಕು. ಆಮೇಲೆ ಭಾರ. 110 ಸಿಸಿ ಗಾಡಿಗಳು ಹೆಚ್ಚುಕಡಿಮೆ ನೂರು ಕೆಜಿ ಮೇಲೇ ಇರ್ತವೆ. ಶೋರೂಮಲ್ಲೇ ಇಂಜಿನ್ ಆಫ್ ಮಾಡಿ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ, ಸೆಂಟರ್ ಸ್ಟ್ಯಾಂಡ್ ಹಾಕಿ ತೆಗೀರಿ. ತಂಗಿ ಸಣ್ಣ ಆಳು, ಮೂರು ಗಾಡಿ ತಳ್ಳಿ ನೋಡಿ ನಾಲ್ಕನೇದಕ್ಕೆ ಹೂಂ ಅಂದಳು. ನಮ್ಮ ಹಳ್ಳಿ ರಸ್ತೆಗೆ ಮುಂದಿನ ಚಕ್ರ 12 ಇಂಚಿದ್ದರೆ ಒಳ್ಳೇದು, 10 ಇಂಚಿನ ಚಕ್ರ ಗುಂಡಿಗೆ ಬೇಗ ಬೀಳುತ್ತೆ. ನಿಮ್ಮ ಹತ್ತಿರದ ಊರಿನ ಮೆಕ್ಯಾನಿಕ್‌ಗೆ ಯಾವ ಗಾಡಿ ಬಿಚ್ಚಿ ಅಭ್ಯಾಸ ಇದೆ ಅಂತಲೂ ಕೇಳಿ.

ಎಲೆಕ್ಟ್ರಿಕ್ ಯೋಚನೆ ಮಾಡಿದ್ವಿ. ಪೆಟ್ರೋಲ್ ಖರ್ಚಿಲ್ಲ ಅನ್ನೋದು ನಿಜ. ಆದರೆ ನಮ್ಮ ಕೇರಿ ಮನೆಯ ಹಳೇ ವೈರಿಂಗ್, ಕರೆಂಟ್ ಹೋಗೋ ಹೊತ್ತು, ಚಾರ್ಜ್ ಇಲ್ಲದೆ ಬೆಳಿಗ್ಗೆ ರೈಲು ತಪ್ಪಿದರೆ ಕಟ್ ಆಗೋ ದಿನಗೂಲಿ, ಇದೆಲ್ಲ ಲೆಕ್ಕ ಹಾಕಿ ಸದ್ಯಕ್ಕೆ ಬಿಟ್ವಿ.

ಒಂದು ಶೋರೂಮಲ್ಲಿ ನಮ್ಮನ್ನ ನೋಡಿದ ತಕ್ಷಣ ಕೇಳಿದ್ದು, "ಮನೇಲಿ ಗಂಡಸರು ಯಾರೂ ಬಂದಿಲ್ವಾ?" ಆಧಾರ್ ಕಾರ್ಡಲ್ಲಿ ಕಾಲೊನಿ ವಿಳಾಸ ನೋಡಿದ ಮೇಲೆ, "ಆ ಕಡೆ ಫೈನಾನ್ಸ್ ಆಗೋದು ಕಷ್ಟ ಮೇಡಂ." ಜಾತಿ ಕೇಳಲಿಲ್ಲ ನೋಡಿ, ಕೇಳೋ ಅಗತ್ಯವೇ ಇಲ್ಲ. ವಿಳಾಸವೇ ಜಾತಿ ಸರ್ಟಿಫಿಕೇಟ್. ನಾವು ಎದ್ದು ಬೇರೆ ಕಡೆ ಹೋದ್ವಿ.

ದುಡ್ಡಿನ ಲೆಕ್ಕ ಗಮನ ಇಟ್ಟು ಓದಿ. ಬೋರ್ಡಲ್ಲಿರೋದು ಎಕ್ಸ್‌ಶೋರೂಮ್ ಬೆಲೆ. ಅದರ ಮೇಲೆ ಜೀವಾವಧಿ ತೆರಿಗೆ, ನೋಂದಣಿ, ಇನ್ಶೂರೆನ್ಸ್. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಆದರೂ ಆನ್‌ರೋಡ್ ಹೊತ್ತಿಗೆ ನಮ್ಮದು ಲಕ್ಷದ ಹತ್ತಿರ ಬಂತು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆದರೆ ಶೋರೂಮ್‌ನಲ್ಲೇ ಇನ್ಶೂರೆನ್ಸ್ ಮಾಡಿಸಬೇಕು ಅಂತ ಕಾನೂನಿಲ್ಲ. ಸೀಟ್ ಕವರ್, ಕ್ರ್ಯಾಶ್ ಗಾರ್ಡ್, ಎಕ್ಸ್‌ಟೆಂಡೆಡ್ ವಾರಂಟಿ ನಿಮಗೆ ಬೇಕಿದ್ದರೆ ಮಾತ್ರ. ಬಿಲ್‌ನ ಒಂದೊಂದು ಸಾಲಿಗೂ ಬೆರಳಿಟ್ಟು "ಇದೇನು?" ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ, ದುಡ್ಡು ನಮ್ಮದು.

ಸಾಲಕ್ಕೆ ಬಂದವರು "ಬರೀ 12 ಪರ್ಸೆಂಟ್ ಫ್ಲಾಟ್" ಅಂದರು. 60,000 ಸಾಲ, ಎರಡು ವರ್ಷ, ಬಡ್ಡಿ 14,400. ತಿಂಗಳಿಗೆ 3,100 ಕಂತು. ಕೇಳೋಕೆ ಸುಲಭ. ಆದರೆ ನಾವು ತಿಂಗಳು ತಿಂಗಳು ಅಸಲು ತೀರಿಸ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 60,000ಕ್ಕೇ ಹಾಕಿರ್ತಾರೆ. ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು 21.5 ಪರ್ಸೆಂಟ್ ಬೀಳುತ್ತೆ. ಅದೇ 12 ಪರ್ಸೆಂಟನ್ನ ಉಳಿದ ಸಾಲಕ್ಕೆ ಮಾತ್ರ ಹಾಕಿದರೆ ಕಂತು 2,825ರ ಹತ್ತಿರ, ಒಟ್ಟು ಬಡ್ಡಿ 7,800 ಒಳಗೇ. ಎರಡಕ್ಕೂ ಹೇಳೋದು ಹನ್ನೆರಡೇ, ವ್ಯತ್ಯಾಸ ಆರು ಸಾವಿರದ ಮೇಲೆ. ನಮಗೆ ಸ್ತ್ರೀಶಕ್ತಿ ಸಂಘದಲ್ಲಿ ಉಳಿದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಲೆಕ್ಕದಲ್ಲಿ ಸಿಕ್ತು. ಬಾಕಿ ದುಡ್ಡು ತಂಗಿಯ ಚೀಟಿದು.

ಕಲಿತಿದ್ದು ಬತ್ತಿದ ಕೆರೆ ಅಂಗಳದಲ್ಲಿ, ನಾಲ್ಕು ಭಾನುವಾರ. ಎಲ್‌ಎಲ್ ಮೊದಲು ಮಾಡಿಸಿ. ಅದು ಆರು ತಿಂಗಳು ನಡೆಯುತ್ತೆ, 30 ದಿನ ಆದ ಮೇಲೆ ಡಿಎಲ್ ಟೆಸ್ಟ್. 'ವಿತೌಟ್ ಗೇರ್' ಅಂತ ಮಾಡಿಸಿದರೆ ಗೇರ್ ಬೈಕ್ ಓಡಿಸುವಂಗಿಲ್ಲ, ನೆನಪಿರಲಿ. ಸ್ಕೂಟರ್ ತಳ್ಳುವಾಗ ಇಂಜಿನ್ ಆಫ್ ಇರಲಿ. ಗಾಬರಿಯಲ್ಲಿ ಕೈ ಆಕ್ಸಿಲರೇಟರ್ ತಿರುವೇ ತಿರುವುತ್ತೆ. 2019ರಿಂದ ಈ ಸಣ್ಣ ಗಾಡಿಗಳಿಗೂ ಕಂಬೈನ್ಡ್ ಬ್ರೇಕ್ ಬಂದಿದೆ, ಎಡಗೈ ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಹಿಡಿಯುತ್ತೆ. ಮರಳು, ಜೆಲ್ಲಿ ಮೇಲೆ ಮುಂದಿನ ಬ್ರೇಕೊಂದನ್ನೇ ಗಟ್ಟಿಯಾಗಿ ಹಿಡಿಯಬೇಡಿ. ಐಎಸ್‌ಐ ಹೆಲ್ಮೆಟ್ ಎರಡು ತಗೊಳ್ಳಿ. ಹಿಂದೆ ಕೂರೋರ ತಲೆಯೂ ತಲೆಯೇ.

ಆರ್‌ಸಿ ಯಾರ ಹೆಸರಿಗೆ ಅನ್ನೋ ಪ್ರಶ್ನೆ ಬಂದಾಗ ಅಣ್ಣ ಸಹಜವಾಗೇ ಅಂದ, "ನನ್ನ ಹೆಸರಿಗಿರಲಿ, ಏನಾದ್ರೂ ಆದ್ರೆ ನಾನು ಓಡಾಡ್ತೀನಿ." ಅವನದು ಕೆಟ್ಟ ಮನಸ್ಸಲ್ಲ. ಆದರೂ ತಂಗಿ ಒಪ್ಪಲಿಲ್ಲ. "ಕಂತು ಕಟ್ಟೋಳು ನಾನು, ಹೆಸರೂ ನಂದೇ." ಕೆಎ 08, ಕೆಜಿಎಫ್ ನಂಬರ್. ಅಪ್ಪ ದುಡಿದ ಊರಿನ ನಂಬರ್ ಅಂತ ಅಮ್ಮ ಪ್ಲೇಟನ್ನ ಸೆರಗಲ್ಲಿ ಒರೆಸಿದರು.

ಮೊದಲ ದಿನ ತಂಗಿ ಓಡಿಸ್ತಿದ್ದಳು, ನಾನು ಹಿಂದೆ. ಅರಳಿಕಟ್ಟೆ ಹತ್ತಿರ ಅವಳು ವೇಗ ಕಡಿಮೆ ಮಾಡಿದಳು. ಇಳೀತಾಳಾ ಅನ್ನಿಸ್ತು. ಹಂಪ್ ಇತ್ತು, ಅಷ್ಟೇ. ಕಟ್ಟೆ ಮೇಲಿದ್ದ ಹಿರಿಯರೊಬ್ಬರು ತೆಲುಗಲ್ಲಿ ಕೇಳಿದರು, "ಬಂಡಿ ಎವರಿದಿ ಅಮ್ಮಾ?" ಗಾಡಿ ಯಾರದು ಅಂತ. "ನಾದೇ ತಾತಾ" ಅಂದಳು ತಂಗಿ, ಗಾಡಿ ನಿಲ್ಲಿಸದೆ. ಅವರು ಮತ್ತೇನೂ ಕೇಳಲಿಲ್ಲ. ಜಗಳ ಆಗಲಿಲ್ಲ, ಸನ್ಮಾನವೂ ಆಗಲಿಲ್ಲ. ದಿನಾ ಬೆಳಿಗ್ಗೆ ಈಗ ಅದೇ ಬೀದಿಯಲ್ಲಿ ಹೋಗ್ತಾಳೆ. ನೋಡೋರು ನೋಡ್ತಾರೆ.

ಒಂದು ಸ್ಕೂಟರ್‌ನಿಂದ ಜಾತಿ ವಿನಾಶ ಆಗುತ್ತೆ ಅಂತ ನಾನು ಹೇಳ್ತಿಲ್ಲ. ರಾತ್ರಿ ಬಸ್ಸಿಗೆ, ರಸ್ತೆ ದೀಪಕ್ಕೆ, ಕಾಮಸಮುದ್ರದಲ್ಲಿ ಹೆಚ್ಚು ರೈಲು ನಿಲ್ಲೋದಕ್ಕೆ ನಮ್ಮ ಒತ್ತಾಯ ಹಂಗೇ ಇರುತ್ತೆ. ಗಾಡಿ ಕೊಳ್ಳೋಕೆ ಆಗದ ಕೂಲಿ ತಾಯಂದಿರೇ ನಮ್ಮಲ್ಲಿ ಹೆಚ್ಚು, ಅವರನ್ನ ಬಿಟ್ಟು ಹೋರಾಟ ಇಲ್ಲ.

ಸಂಘಟನೆಗಳಿಗೆ ನನ್ನದು ಎರಡೇ ಕೋರಿಕೆ. ಸಭೆಯ ಮುಖ್ಯ ತೀರ್ಮಾನಗಳನ್ನ ಮಧ್ಯಾಹ್ನವೇ ಮುಗಿಸಿ, ಬಸ್ಸಲ್ಲಿ ಬಂದವರೂ ಇರೋವಾಗ. ಮತ್ತೆ ನಿಮ್ಮ ನಿಮ್ಮ ಕೇರಿಗಳಲ್ಲಿ ಭಾನುವಾರ ಒಂದೊಂದು ಗಂಟೆ ಹೆಣ್ಮಕ್ಕಳಿಗೆ ಗಾಡಿ ಕಲಿಸಿ. ನಿಮ್ಮ ಗಾಡಿಗೆ ಒಂದೆರಡು ಗೀರು ಬೀಳಬಹುದು, ಬೀಳಲಿ.

ಕಾಮಸಮುದ್ರ, ಬೂದಿಕೋಟೆ, ಬಂಗಾರಪೇಟೆ ಕಡೆಯ ಅಕ್ಕತಂಗಿಯರೇ, ಎಲ್‌ಎಲ್ ಅರ್ಜಿ ಹಾಕೋಕೆ, ಸಾಲದ ಕಾಗದ ಓದೋಕೆ ಜೊತೆಗೆ ಯಾರಾದ್ರೂ ಬೇಕಿದ್ದರೆ ಮೆಸೇಜ್ ಮಾಡಿ. ನಾನೇ ಬರ್ತೀನಿ. ಯಾರನ್ನೂ ಕರ್ಕೊಂಡು ಹೋಗು ಅಂತ ಈಗ ಕೇಳಬೇಕಾಗಿಲ್ಲ.

ಜೈಭೀಮ್.